ಹಳೆಯ ಗೋವೆಯ ಒಂದು ಇಗರ್ಜಿ: ಮನೆ, ಮಠ, ವಸ್ತುಸಂಗ್ರಹಾಲಯ

ಪಣಜಿಯಿಂದ ಮಾಂಡವಿ ನದಿಯ ದಂಡೆಗುಂಟ ಮೂಡಣ ದಿಕ್ಕಿಗೆ ಸುಮಾರು 10 ಕಿಲೋಮೀಟರು ಸಾಗಿದರೆ ಹಳೆಯ ಗೋವೆಯು ಸಿಗುವುದು. ನಮ್ಮ ನಾಡಿನಿಂದ ಅಲ್ಲಿಗೆ ಬರುವ ಬಂಧುಮಿತ್ರರು ಎರಡು ಕಟ್ಟಡಗಳನ್ನು ತಪ್ಪದೆ ನೋಡುವರು. ಸಂತ ಫ್ರಾನ್ಸಿಸ್ ಕ್ಸೇವಿಯರರ ಶರೀರವನ್ನಿರಿಸಿರುವ ಬೋಂ ಜೀಸಸ್ ಬೆಸಿಲಿಕಾ ಒಂದು. ರಸ್ತೆಯ ಆಚೆಗಿರುವ ಸೇ ಕೆಥೆಡ್ರಲ್ ಎಂಬ ಮಹಾದೇವಾಲಯ ಮತ್ತೊಂದು. ಅಷ್ಟು ನೋಡಿದ ಮೇಲೆ ಬಿಸಿಲೇರಿರುವುದು, ಹೊಟ್ಟೆಯೂ ಹಸಿದಿರುವುದು, ವಾಹನದವನೂ ಅವಸರಪಡಿಸುವನು. ಸೇ ಕೆಥೆಡ್ರಲಿನ ಪಡುವಣ ಮಗ್ಗುಲಲ್ಲಿಯೇ ನಿಂತಿರುವ ಮೂರನೆಯ ಕಟ್ಟಡದ ಕಡೆಗೆ ಕಾಲೆಳೆಯುವವರು ವಿರಳ. ಆ ಮೂರನೆಯ ಕಟ್ಟಡವೇ ಅಸ್ಸೀಸಿಯ ಸಂತ ಫ್ರಾನ್ಸಿಸರ ಇಗರ್ಜಿ ಮತ್ತು ಅದಕ್ಕೆ ಅಂಟಿಕೊಂಡಿರುವ ಸನ್ಯಾಸಿಗಳ ಮಠ. ಈ ಲೇಖನದಲ್ಲಿ ನಾವು ಅದರ ಕಥೆಯನ್ನು ಹೇಳಬಯಸಿದ್ದೇವೆ. ಅದಕ್ಕೆ ಕಾರಣವೂ ಇದೆ. ಗೋವೆಯನ್ನಾಳಿದ ಕದಂಬರ ಕಾಲದ ಕಲ್ಲುಗಳನ್ನು ನೋಡಬೇಕೆನ್ನುವ ಕನ್ನಡಿಗನು ಇಂದು ಕಾಲಿಡಬೇಕಾದುದು ಯಾವುದೋ ದೇಗುಲದ ಅಂಗಳಕ್ಕಲ್ಲ, ಈ ಕ್ರೈಸ್ತಮಠದ ಮೊಗಸಾಲೆಗೆ.

ಮೊದಲಿಗೇ ಒಂದು ಗೊಂದಲವನ್ನು ತೊಡೆದುಹಾಕುವುದು ಒಳಿತು. ನಮ್ಮ ಜನರಲ್ಲಿ ಅನೇಕರು ಇಬ್ಬರು ಫ್ರಾನ್ಸಿಸರನ್ನು ಒಬ್ಬರೆಂದೇ ತಿಳಿದಿರುವರು. ಅಸ್ಸೀಸಿಯ ಫ್ರಾನ್ಸಿಸರು ಇಟಲಿಯವರು. ಬಟ್ಟೆಯ ವ್ಯಾಪಾರಿಯ ಮಗನಾಗಿ ಹುಟ್ಟಿ, ಸರ್ವಸಂಗಪರಿತ್ಯಾಗ ಮಾಡಿ, ದಾರಿದ್ರ್ಯವನ್ನೇ ವ್ರತವಾಗಿ ಹಿಡಿದು 1226ರಲ್ಲಿ ದೇಹವಿಟ್ಟವರು. ಕ್ಸೇವಿಯರರು ಜೆಸೂಟ್ ಪಂಥದವರು; 1552ರಲ್ಲಿ ಚೀನದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡವರು. ಇಬ್ಬರ ನಡುವೆ ಮುನ್ನೂರು ವರ್ಷಗಳ ಅಂತರವಿದೆ. ನಮ್ಮ ಇಗರ್ಜಿಯು ಮೊದಲನೆಯವರ ಹೆಸರಿನದು.

ಆ ನೆಲದ ಪೂರ್ವವೃತ್ತಾಂತವನ್ನು ಬಹಳ ವಿಸ್ತರಿಸಬೇಕಾಗಿಲ್ಲ. ನಮ್ಮ ವಾಚಕರಲ್ಲಿ ಬಲ್ಲವರು ಬಹಳ ಮಂದಿ. ಹನ್ನೊಂದನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಗೋವೆಯ ಕದಂಬರು ಮೊದಲು ಚಂದ್ರಪುರದಿಂದಲೂ ಅನಂತರ ಗೋಪಕಪಟ್ಟಣದಿಂದಲೂ ಕೊಂಕಣವನ್ನು ಆಳಿದರು. ಹಲಸಿಯು ಅವರಿಗೆ ಘಟ್ಟದ ಮೇಲಣ ರಾಜಧಾನಿಯಾಗಿತ್ತು. ಅವರ ಶಾಸನಗಳು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಇವೆ. ಶಿವಚಿತ್ತ ಪೆರ್ಮಾಡಿಯ ರಾಣಿಯಾದ ಕಮಲಾದೇವಿಯು ಕಿತ್ತೂರಿನ ಸಮೀಪದ ದೇಗಾವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ದೇಗುಲವನ್ನು ನೋಡಿದವರು ಆ ಮನೆತನದ ಕಲಾಭಿರುಚಿಯನ್ನು ಮರೆಯಲಾರರು. ಅವರ ಕುಲದೇವರಾದ ಸಪ್ತಕೋಟೀಶ್ವರನ ಗುಡಿಯಿದ್ದುದು ಹಳೆಯ ಗೋವೆಗೆ ಎದುರಾಗಿ, ಮಾಂಡವಿಯ ನಡುವಿನ ದೀವಾಡಿ ದ್ವೀಪದಲ್ಲಿ. ಇಂದು ಗೋವೆಯ ಸರಕಾರಿ ಬಸ್ಸುಗಳ ಮೇಲೆ ‘ಕದಂಬ’ ಎಂಬ ಹೆಸರು ಕಾಣುವುದು. ಆ ಬಸ್ಸನ್ನು ದಿನವೂ ಹತ್ತಿಳಿಯುವ ಎಷ್ಟು ಮಂದಿಗೆ ಆ ಹೆಸರಿನ ಅರ್ಥ ಹೊಳೆಯುವುದೋ ನಾವರಿಯೆವು. ಕದಂಬರ ತರುವಾಯ ವಿಜಯನಗರದವರು ಬಂದರು. ಅವರ ಮಂತ್ರಿಯಾದ ಮಾಧವನು ಸಪ್ತಕೋಟೀಶ್ವರನ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನು. 1472ರಲ್ಲಿ ಬಹಮನಿಯ ಮಹಮೂದ್ ಗವಾನನು ಗೋವೆಯನ್ನು ಗೆದ್ದನು. ಬಹಮನಿ ರಾಜ್ಯವು ಒಡೆದಾಗ ಅದು ಬಿಜಾಪುರದ ಆದಿಲಶಾಹಿಗಳ ಪಾಲಿಗೆ ಬಂದಿತು. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕನು ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅದನ್ನು ಹಿಡಿದು, ಕೆಲವೇ ತಿಂಗಳಲ್ಲಿ ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಗೆದ್ದನು.

ಇಲ್ಲಿಂದ ನಮ್ಮ ಕಟ್ಟಡದ ಕಥೆ ಮೊದಲಾಗುವುದು. ಮೊದಲಾಗುವುದೇ ಒಂದು ಪರಿವರ್ತನೆಯೊಂದಿಗೆ. ಆಗಿನ ಗೋವೆಯಲ್ಲಿ ಜೊವಾಂವ್ ಮಶಾದೊ ಎಂಬೊಬ್ಬ ಪೋರ್ತುಗೀಜನಿದ್ದನು. ಇವನದು ವಿಚಿತ್ರ ಜೀವನ. ಶಿಕ್ಷೆಗೊಳಗಾಗಿ ಗಡೀಪಾರಾಗಿ, ಆಫ್ರಿಕದ ಕರಾವಳಿಯಲ್ಲಿ ಹಡಗಿನಿಂದ ಇಳಿಸಲ್ಪಟ್ಟು, ಹೇಗೋ ಭರತಖಂಡಕ್ಕೆ ಬಂದು ಬಿಜಾಪುರದ ಆದಿಲಶಾಹನ ಸೇವೆಗೆ ಸೇರಿದ್ದನು. ತನ್ನವರು ಗೋವೆಯನ್ನು ಗೆದ್ದ ಮೇಲೆ 1511ರಲ್ಲಿ ಅವರ ಪಕ್ಷಕ್ಕೆ ಮರಳಿ, ಥಾಣೇದಾರನೆಂಬ ಪದವಿಯನ್ನು ಪಡೆದನು. ಆದಿಲಶಾಹಿಗಳ ಹುದ್ದೆಯ ಹೆಸರನ್ನೇ ಪೋರ್ತುಗೀಜರು ಉಳಿಸಿಕೊಂಡರೆಂಬುದನ್ನು ವಾಚಕರು ಗಮನಿಸಬೇಕು. ಮಶಾದೊ ತೀರಿಕೊಂಡ ಬಳಿಕ ಅವನ ಮನೆಯು ಬರಿದಾಯಿತು. 1517ರಲ್ಲಿ ಅಂತೋನಿಯೊ ದೊ ಲೌರೊ ಎಂಬ ಹಿರಿಯರ ನಾಯಕತ್ವದಲ್ಲಿ ಎಂಟು ಜನ ಫ್ರಾನ್ಸಿಸ್ಕನ್ ಸನ್ಯಾಸಿಗಳು ಗೋವೆಗೆ ಬಂದಿಳಿದಾಗ ಸರಕಾರವು ಆ ಮನೆಯನ್ನು ಅವರಿಗೆ ಕೊಟ್ಟಿತು. ಗೋವೆಯಲ್ಲಿ ಸ್ಥಿರವಾಗಿ ನೆಲೆನಿಂತ ಮೊದಲ ಕ್ರೈಸ್ತ ಸನ್ಯಾಸಿ ಸಂಘವು ಇದೇ. ಹೀಗೆ ಒಂದು ಕಾಲಕ್ಕೆ ಬಿಜಾಪುರದ ಉಪ್ಪುಂಡವನೊಬ್ಬನ ಮನೆಯು ದಾರಿದ್ರ್ಯವ್ರತದ ಸನ್ಯಾಸಿಗಳ ಬಿಡಾರವಾಯಿತು.

ಅಲ್ಲಿ ಮೊದಲು ಎದ್ದುದು ಮೂರು ಪೀಠಗಳ ಒಂದು ಚಿಕ್ಕ ಪ್ರಾರ್ಥನಾಲಯ. 1521ರಲ್ಲಿ ಪವಿತ್ರಾತ್ಮನ ಹೆಸರಿನಲ್ಲಿ ಇಗರ್ಜಿಯಾಯಿತು. ಅದು ಸಾಲದೆ ಹೋದಾಗ ಅದನ್ನು ಕೆಡವಿ ಅದೇ ನೆಲದ ಮೇಲೆ 1661ರಲ್ಲಿ ಇಂದಿನ ಇಗರ್ಜಿಯನ್ನು ಕಟ್ಟಿದರು. ಆದರೆ ಹಳೆಯದರ ಬಾಗಿಲುವಾಡವನ್ನು ಮಾತ್ರ ಕೆಡವಲಿಲ್ಲ. ಮನುವೆಲ್ ಎಂಬ ಪೋರ್ತುಗೀಜ್ ದೊರೆಯ ಕಾಲದ ಶೈಲಿಯ ಆ ಕರಿಯ ಕಲ್ಲಿನ ದ್ವಾರವನ್ನು ಹೊಸ ಮುಂಭಿತ್ತಿಯಲ್ಲಿ ಹಾಗೆಯೇ ಕೂಡಿಸಿದರು. ಅದರ ಮೇಲೆ ಪೋರ್ತುಗೀಜ್ ಹಡಗುಗಳ ಪಟಗಳಲ್ಲಿರುತ್ತಿದ್ದ ಶಿಲುಬೆಯನ್ನೂ ನಾವಿಕರು ಬಳಸುತ್ತಿದ್ದ ಗೋಲಯಂತ್ರಗಳನ್ನೂ ಕೊರೆದಿದ್ದಾರೆ. ಸುತ್ತಲಿನ ಗೋಡೆಯೆಲ್ಲ ಸುಣ್ಣ ಬಳಿದ ಬಿಳಿಪು. ನಡುವೆ ಈ ಒಂದು ಬಾಗಿಲು ಕಪ್ಪು. ದೂರದಿಂದಲೇ ಕಣ್ಣಿಗೆ ಬೀಳುವುದು. ನಮ್ಮ ದೇಶದ ಶಿಲ್ಪಿಗಳೂ ಹಳೆಯ ಗುಡಿಯ ಬಾಗಿಲುವಾಡವನ್ನು ಹೊಸ ಗುಡಿಗೆ ಜೋಡಿಸಿದ ನಿದರ್ಶನಗಳುಂಟು. ಪವಿತ್ರವಾದುದನ್ನು ಕೆಡಹುವಾಗಲೂ ಪೂರ್ತಿಯಾಗಿ ಕೆಡಹಲು ಕೈಬಾರದಿರುವುದು ಮನುಷ್ಯಸಹಜವೆಂದು ತೋರುತ್ತದೆ.

ಒಳಗೆ ಹೋದರೆ ಒಂದೇ ವಿಶಾಲವಾದ ಅಂಕಣ. ಎರಡೂ ಮಗ್ಗುಲಲ್ಲಿ ಮೂರು ಮೂರು ಉಪಮಂದಿರಗಳು. ಕಡೆಯಲ್ಲಿ ಬಂಗಾರದ ಮುಲಾಮಿನ ಮುಖ್ಯಪೀಠ. ಪೀಠದ ಗೂಡಿಗೆ ನಾಲ್ವರು ಸುವಾರ್ತಾಕಾರರ ಪ್ರತಿಮೆಗಳು ಆಧಾರವಾಗಿ ನಿಂತಿವೆ. ಮೇಲೆ ಶಿಲುಬೆಯ ಮೇಲಣ ಏಸುವಿನ ಜತೆಯಲ್ಲಿ ಸಂತ ಫ್ರಾನ್ಸಿಸರ ಮೂರ್ತಿಯಿದೆ. ಅವರ ಪಂಥದ ಮೂರು ವ್ರತಗಳಾದ ದಾರಿದ್ರ್ಯ, ವಿನಯ, ವಿಧೇಯತೆ ಎಂಬ ಮಾತುಗಳನ್ನು ಅಲ್ಲಿ ಬರೆದಿದ್ದಾರೆ. ಪೀಠದ ಇಕ್ಕೆಲಗಳಲ್ಲಿ ಮರದ ಹಲಗೆಗಳ ಮೇಲೆ ಅವರ ಜೀವನಘಟನೆಗಳ ಚಿತ್ರಗಳಿವೆ. ದಾರಿದ್ರ್ಯವೆಂಬ ಪದವು ಚಿನ್ನದ ನಡುವೆ ಹೊಳೆಯುತ್ತಿರುವುದನ್ನು ಕಂಡು ನಗು ಬರುವುದಾದರೆ, ನಮ್ಮ ವಿರಕ್ತಮಠಗಳ ಬೆಳ್ಳಿಯ ಪಲ್ಲಕ್ಕಿಗಳನ್ನೂ ಒಮ್ಮೆ ನೆನೆದುಕೊಂಡು ನಗುವುದು ನ್ಯಾಯ. ಗೋಡೆಗಳ ಮೇಲೂ ಕಮಾನುಗಳ ಮೇಲೂ ಬಿಡಿಸಿರುವ ಹೂಬಳ್ಳಿಗಳ ವರ್ಣಕಾರ್ಯವನ್ನು ನೋಡಿದಾಗ ನಮ್ಮ ನೆಲದ ಕುಸುರಿಗಾರರ ಕೈವಾಡದ ನೆನಪಾಗದಿರದು.

ಈ ಮಠದ ಸನ್ಯಾಸಿಗಳು ಸುಮ್ಮನೆ ಜಪತಪಗಳಲ್ಲಿ ಕುಳಿತವರಲ್ಲ. ಸುತ್ತಲಿನ ನಾಡನ್ನು ಪೋರ್ತುಗೀಜರು ಪಂಥಪಂಥಗಳಿಗೆ ಹಂಚಿಕೊಟ್ಟಾಗ ಸಾಷ್ಟಿಯು ಜೆಸೂಟರಿಗೂ ಬಾರ್ದೇಶವು ಫ್ರಾನ್ಸಿಸ್ಕನರಿಗೂ ಬಂದಿತು. 1540ರ ಸುಮಾರಿನಲ್ಲಿ ತೀಸವಾಡಿ ದ್ವೀಪದ ದೇಗುಲಗಳೆಲ್ಲ ನೆಲಸಮವಾಗಿ ಅವುಗಳ ಉಂಬಳಿಯ ಆದಾಯವು ಇಗರ್ಜಿಗಳ ಪಾಲಾಗಿತ್ತು. 1560ರಿಂದ ಧರ್ಮವಿಚಾರಣೆಯೆಂಬ ಘೋರಸಂಸ್ಥೆಯೂ ಗೋವೆಯಲ್ಲಿ ನೆಲೆಸಿತು. ಇವೆಲ್ಲವನ್ನೂ ಮರೆಮಾಚಿ ಈ ಕಟ್ಟಡದ ಚೆಲುವನ್ನು ಮಾತ್ರ ಹೊಗಳುವುದು ಇತಿಹಾಸವಲ್ಲ. ಹಾಗೆಯೇ ಚೆಲುವನ್ನು ಮುಚ್ಚಿಟ್ಟು ಕ್ರೌರ್ಯವನ್ನು ಮಾತ್ರ ಹೇಳುವುದೂ ಇತಿಹಾಸವಲ್ಲ.

ಭಾಷೆಯ ವಿಷಯದಲ್ಲಿ ಈ ಸನ್ಯಾಸಿಗಳ ಚರಿತ್ರೆಯು ಗಡಿನಾಡಿನ ಕನ್ನಡಿಗರಾದ ನಮಗೆ ವಿಶೇಷವಾಗಿ ಮನನೀಯವಾದುದು. ಮೊದಲ ಶತಮಾನದ ಪಾದ್ರಿಗಳು ಜನರ ಮಾತನ್ನು ಶ್ರದ್ಧೆಯಿಂದ ಕಲಿತರು. 1579ರಲ್ಲಿ ಗೋವೆಗೆ ಬಂದ ತೋಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸೂಟರು ಮರಾಠಿಯಲ್ಲಿ ಕ್ರಿಸ್ತಪುರಾಣವನ್ನು ಬರೆದರು. ಕೊಂಕಣಿಗೆ ವ್ಯಾಕರಣವನ್ನೂ ರಚಿಸಿದರು. ಅವರು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಆ ವ್ಯಾಕರಣದ ಹೆಸರಿನಲ್ಲಿ ಕೊಂಕಣಿಯನ್ನು ‘ಕನಾರಿಂ’ ಭಾಷೆಯೆಂದು ಕರೆದಿದೆ. ಪೋರ್ತುಗೀಜರು ಗೋವೆಯ ಜನರನ್ನೂ ಅವರ ಮಾತನ್ನೂ ಆ ಹೆಸರಿನಿಂದಲೇ ಗುರುತಿಸುತ್ತಿದ್ದರು. ಕನ್ನಡವೆಂಬ ಹೆಸರಿನ ಈ ಅಪಭ್ರಂಶವು ಕೊಂಕಣಿಗೆ ಅಂಟಿಕೊಂಡುದನ್ನು ನೋಡಿ ಕೆಲವರು ಗೋವೆಯಲ್ಲಿ ಆಗ ಎಲ್ಲರ ಮನೆಮಾತೂ ಕನ್ನಡವಾಗಿತ್ತೆಂದು ವಾದಿಸುವುದುಂಟು. ಅದು ಒಪ್ಪತಕ್ಕ ಮಾತಲ್ಲ. ಆಳಿದವರ ಶಾಸನಭಾಷೆಯ ಹೆಸರು ಆಳಿಸಿಕೊಂಡವರ ಮಾತಿಗೆ ಪರದೇಶೀಯರ ಬಾಯಲ್ಲಿ ಅಂಟಿತೆಂದು ತಿಳಿಯುವುದೇ ಯುಕ್ತ. ನಮ್ಮ ಹಕ್ಕನ್ನು ಎತ್ತಿಹಿಡಿಯಲು ನೆರೆಯ ತಾಯಿಯ ಸೆರಗನ್ನು ಎಳೆಯಬೇಕಾಗಿಲ್ಲ.

ಫ್ರಾನ್ಸಿಸ್ಕನರಲ್ಲಿಯೂ ಗಾಸ್ಪರ್ ದ ಸಾಂ ಮಿಗೆಲ್ ಎಂಬ ಸನ್ಯಾಸಿಗಳು ಹದಿನೇಳನೆಯ ಶತಮಾನದಲ್ಲಿ ಕೊಂಕಣಿಯ ವ್ಯಾಕರಣವನ್ನು ಬರೆದರು. ಆದರೆ ಕಾಲವು ಮುಂದುವರಿದಂತೆ ಉತ್ಸಾಹವು ಇಳಿಯಿತು. ಜನರ ಮಾತನ್ನು ಕಲಿಯುವ ಶ್ರಮಕ್ಕಿಂತ ಜನರೇ ತಮ್ಮ ಮಾತನ್ನು ಕಲಿಯಲೆಂಬ ಬುದ್ಧಿ ಮೇಲಾಯಿತು. 1684ರ ಜೂನ್ 27ರಂದು ಗೋವೆಯ ರಾಜಪ್ರತಿನಿಧಿಯಾದ ಆಲ್ವೊರ್ ಕೌಂಟನು ಒಂದು ಆಜ್ಞೆಯನ್ನು ಹೊರಡಿಸಿದನು: ನಾಡಿನ ಜನರು ಮೂರು ವರ್ಷಗಳೊಳಗಾಗಿ ತಮ್ಮ ತಾಯ್ನುಡಿಯನ್ನು ಬಿಟ್ಟು ಪೋರ್ತುಗೀಜಿನಲ್ಲಿಯೇ ಮಾತಾಡತಕ್ಕದ್ದು. ಈ ಆಜ್ಞೆಯ ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿತ್ತೆಂದು ಇತಿಹಾಸಜ್ಞರು ಬರೆದಿದ್ದಾರೆ. ಅಂದರೆ ಇಂದು ನಾವು ಟಿಕೆಟು ಕೊಂಡು ಒಳಹೋಗುವ ಇದೇ ಮಠವು ಯಾವ ಪಂಥದ ಮುಖ್ಯಸ್ಥಾನವಾಗಿತ್ತೋ ಆ ಪಂಥದವರೇ ಒಂದು ಜನಾಂಗದ ನಾಲಗೆಯನ್ನು ಮೂರು ವರ್ಷಗಳಲ್ಲಿ ಬದಲಿಸಲು ಹೊರಟವರು!

ಅಧ್ಯಾಪಕರಾದ ನಮಗೆ ಈ ‘ಮೂರು ವರ್ಷ’ವೆಂಬ ಲೆಕ್ಕವು ಸೋಜಿಗವನ್ನುಂಟುಮಾಡುವುದು. ಮೂರು ವರ್ಷಗಳಲ್ಲಿ ಒಂದು ತರಗತಿಯ ಮಕ್ಕಳಿಗೆ ಸಂಧಿಸಮಾಸಗಳನ್ನು ನೆಟ್ಟಗೆ ಕಲಿಸುವುದೇ ನಮಗೆ ಸಾಹಸವಾಗಿದೆ. ಆಜ್ಞೆಯು ಕಾಗದದಲ್ಲಿ ಉಳಿಯಿತು. ಕೊಂಕಣಿಯು ಅಡುಗೆಮನೆಯಲ್ಲಿಯೂ ಗದ್ದೆಯಲ್ಲಿಯೂ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೂಞ ರಿವಾರ ಎಂಬ ಪೋರ್ತುಗೀಜ್ ವಿದ್ವಾಂಸನೇ ಸ್ಟೀಫನ್ಸರ ವ್ಯಾಕರಣವನ್ನು ಮತ್ತೆ ಅಚ್ಚುಮಾಡಿಸಿ, ಆ ಭಾಷೆಗೆ ಆದ ಅನ್ಯಾಯವನ್ನು ತನ್ನವರ ಮುಂದೆಯೇ ಎತ್ತಿ ಹೇಳಿದನು. 1987ರಲ್ಲಿ ಕೊಂಕಣಿಯು ಗೋವೆಯ ರಾಜಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆದರೆ ಭಾಷೆಯು ಉಳಿಯಿತೆಂದ ಮಾತ್ರಕ್ಕೆ ನಷ್ಟವಾಗಲಿಲ್ಲವೆಂದು ಹೇಳಲಾಗದು. ಶಾಲೆಯಿಲ್ಲದೆ, ಮುದ್ರಣವಿಲ್ಲದೆ, ನಾಡಿನ ಹಳೆಯ ಲಿಪಿಯೊಡನೆ ನಂಟು ಕಡಿದುಕೊಂಡು ಇನ್ನೂರು ವರ್ಷ ಬಾಳಿದ ಭಾಷೆಯು ಎಷ್ಟು ಕಾವ್ಯಗಳನ್ನು ಬರೆಯದೆ ಹೋಯಿತೆಂಬುದನ್ನು ಎಣಿಸುವವರು ಯಾರು? ಮಕ್ಕಳಿಗೆ ತಾಯ್ನುಡಿಯ ಒಂದು ತರಗತಿಗಾಗಿ ಅರ್ಜಿಯ ಮೇಲೆ ಅರ್ಜಿ ಬರೆಯುವ ಗಡಿನಾಡಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪತನದ ಅಧ್ಯಾಯ. ಹಳೆಯ ಗೋವೆಯು ಶತ್ರುಗಳ ಕತ್ತಿಯಿಂದ ಹಾಳಾಗಲಿಲ್ಲ. ನೀರಿನಿಂದ, ಜ್ವರದಿಂದ ಹಾಳಾಯಿತು. ಜಂಬಿಟ್ಟಿಗೆಯ ನೆಲವು ತೂತುತೂತಾದುದು. ಕೊಳಚೆಯು ಬಾವಿಗಳಿಗೆ ಬಸಿಯುತ್ತಿತ್ತು. ವಾಂತಿಭೇದಿಯೂ ಚಳಿಜ್ವರವೂ ಮತ್ತೆ ಮತ್ತೆ ಬಂದು ನಗರವನ್ನು ಬರಿದುಮಾಡಿದವು. 1695ರಲ್ಲಿ ರಾಜಪ್ರತಿನಿಧಿಯೇ ಪಣೇಲಿಗೆ ಬಿಡಾರ ಕಿತ್ತನು. ಮುಂದೆ ಪಣಜಿಯು ಬೆಳೆದು 1843ರಲ್ಲಿ ವಿಧ್ಯುಕ್ತವಾಗಿ ರಾಜಧಾನಿಯಾಯಿತು. ಮನೆಗಳ ಕಲ್ಲುಗಳನ್ನು ಕಿತ್ತು ಹೊಸ ಊರಿಗೆ ಸಾಗಿಸಿದರು. ಹಳೆಯ ಊರಿನಲ್ಲಿ ಉಳಿದವರು ಸನ್ಯಾಸಿಗಳು, ಸನ್ಯಾಸಿನಿಯರು ಮತ್ತು ತೆಂಗಿನ ಮರಗಳು.

ಅವರಿಗೂ ಕಾಲ ಬಂದಿತು. ಪೋರ್ತುಗಲ್ಲಿನ ಅಂತರ್ಯುದ್ಧದಲ್ಲಿ ಉದಾರಪಕ್ಷದವರು ಗೆದ್ದ ಮೇಲೆ 1834ರ ಮೇ ತಿಂಗಳಲ್ಲಿ ಮಂತ್ರಿಯಾದ ಅಗಿಯಾರ್ ಎಂಬವನು ಸನ್ಯಾಸಿಗಳ ಮಠಗಳನ್ನೆಲ್ಲ ರದ್ದುಪಡಿಸಿ ಆಸ್ತಿಯನ್ನು ಸರಕಾರಕ್ಕೆ ಸೇರಿಸಿದನು. ‘ಸನ್ಯಾಸಿಗಳನ್ನು ಕೊಂದವನು’ ಎಂಬ ಅಡ್ಡಹೆಸರು ಅವನಿಗೆ ಬಂದಿತು. ಗೋವೆಯಲ್ಲಿ ಆ ಶಾಸನವು ಜಾರಿಗೆ ಬಂದುದು 1835ರಲ್ಲಿ. ಮುನ್ನೂರ ಹದಿನೆಂಟು ವರ್ಷಗಳ ಬಳಿಕ ಫ್ರಾನ್ಸಿಸ್ಕನರು ಮಶಾದೊವಿನ ಮನೆಯಿದ್ದ ನೆಲವನ್ನು ಬಿಟ್ಟರು. ದೇಗುಲಗಳ ಉಂಬಳಿಯನ್ನು ಹಿಂದೆ ಸರಕಾರವು ಯಾವ ಲೇಖನಿಯಿಂದ ಇಗರ್ಜಿಗೆ ಬರೆದುಕೊಟ್ಟಿತೋ ಅಂಥದೇ ಒಂದು ಲೇಖನಿಯಿಂದ ಮಠಗಳ ಆಸ್ತಿಯನ್ನು ಕಸಿದುಕೊಂಡಿತು.

ಹೀಗೆ ಬರಿದಾದ ಕಟ್ಟಡಗಳ ಗತಿಯೇನಾಯಿತೆಂಬುದನ್ನು ನೆರೆಯ ಮಠಗಳಿಂದ ತಿಳಿಯಬಹುದು. ಹತ್ತಿರದ ಗುಡ್ಡದ ಮೇಲೆ ಸಂತ ಅಗಸ್ಟೀನರ ಮಠವಿತ್ತು. 1602ರ ಸುಮಾರಿಗೆ ಪೂರ್ಣಗೊಂಡ ಅದರ ಇಗರ್ಜಿಗೆ 46 ಮೀಟರು ಎತ್ತರದ ಗೋಪುರವಿತ್ತು. 1835ರಲ್ಲಿ ಸನ್ಯಾಸಿಗಳು ಹೊರಟರು. ಏಳೇ ವರ್ಷಗಳಲ್ಲಿ, 1842ರಲ್ಲಿ, ಚಾವಣಿಯ ಕಮಾನು ಕುಸಿಯಿತು. ಅದರ ಘಂಟೆಯು ಮೊದಲು ಅಗ್ವಾದ ಕೋಟೆಗೆ ಹೋಗಿ, 1871ರಲ್ಲಿ ಪಣಜಿಯ ಇಗರ್ಜಿಗೆ ಬಂದಿತು. ಇಂದಿಗೂ ಅಲ್ಲಿ ಮೊಳಗುತ್ತಿದೆ. 1931ರಲ್ಲಿ ಮುಂಭಿತ್ತಿಯೂ ಗೋಪುರದ ಅರ್ಧಭಾಗವೂ ಬಿದ್ದುಹೋದವು. ಇಂದು ನಿಂತಿರುವುದು ಬಾನಿಗೆ ಚಾಚಿದ ಒಂದು ಮುರಿದ ಜಂಬಿಟ್ಟಿಗೆಯ ಕಂಬ. ಅದರ ಅವಶೇಷಗಳ ನಡುವೆ ಭಾರತೀಯ ಪುರಾತತ್ತ್ವ ಇಲಾಖೆಯವರು ಜಾರ್ಜಿಯಾ ದೇಶದ ರಾಣಿ ಕೆತೆವಾನಳ ಅಸ್ಥಿಗಳನ್ನು ಹುಡುಕಿ ತೆಗೆದರು. ಧರ್ಮವನ್ನು ಬಿಡಲೊಪ್ಪದೆ 1624ರಲ್ಲಿ ಪರ್ಷಿಯದ ಶಿರಾಜಿನಲ್ಲಿ ಕೊಲೆಯಾದ ಆ ರಾಣಿಯ ಅಸ್ಥಿಗಳನ್ನು ಅಗಸ್ಟೀನಿಯನ್ ಪಾದ್ರಿಗಳು ಗೋವೆಗೆ ತಂದಿದ್ದರು. ಹೈದರಾಬಾದಿನ ಪ್ರಯೋಗಶಾಲೆಯಲ್ಲಿ ಪರೀಕ್ಷೆ ನಡೆದು, 2021ರ ಜುಲೈಯಲ್ಲಿ ಅವು ಭಾರತ ಸರಕಾರದಿಂದ ಜಾರ್ಜಿಯಾದವರಿಗೆ ಸಂದವು.

ಸಂತ ಮೋನಿಕಾಳ ಕನ್ಯಾಮಠದ ಕಥೆ ಬೇರೆ. 1606ರಲ್ಲಿ ಮೊದಲಾಗಿ 1627ರಲ್ಲಿ ಮುಗಿದ ಆ ಮೂರಂತಸ್ತಿನ ಭವ್ಯಮಂದಿರದಲ್ಲಿದ್ದ ಸನ್ಯಾಸಿನಿಯರನ್ನು ಹೊರಗಟ್ಟಲು ಸರಕಾರಕ್ಕೂ ಮನಬರಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ಕಟ್ಟಳೆಯಾಯಿತು, ಅಷ್ಟೆ. ಅಂದಿನಿಂದ ಆ ಮಠದಲ್ಲಿ ಸಾವುಗಳಲ್ಲದೆ ಪ್ರವೇಶಗಳಿರಲಿಲ್ಲ. ಐವತ್ತು ವರ್ಷಗಳ ಕಾಲ ಆ ಉದ್ದವಾದ ಮೊಗಸಾಲೆಗಳಲ್ಲಿ ಒಬ್ಬೊಬ್ಬರಾಗಿ ಕಡಮೆಯಾಗುತ್ತ ಹೋದ ಮುದುಕಿಯರ ಹೆಜ್ಜೆಯ ಸಪ್ಪಳವನ್ನು ಊಹಿಸಿಕೊಂಡರೆ ಎದೆ ಬಿರಿಯುವುದು. ಕಡೆಯ ಸನ್ಯಾಸಿನಿಯು ತೀರಿಕೊಂಡುದು 1885ರಲ್ಲಿ. ಮುಂದೆ ಆ ಕಟ್ಟಡವು ಸೈನಿಕರ ಬಿಡಾರವಾಯಿತು. ಗೋವೆಯು ಸ್ವತಂತ್ರವಾದ ಮೇಲೆ 1964ರಲ್ಲಿ ಸನ್ಯಾಸಿನಿಯರ ವಿದ್ಯಾಸಂಸ್ಥೆಯಾಯಿತು. ಅದರ ಇಗರ್ಜಿಯ ಭಾಗದಲ್ಲಿ ಕ್ರೈಸ್ತಕಲೆಯ ವಸ್ತುಸಂಗ್ರಹಾಲಯವಿದೆ. 1994ರಲ್ಲಿ ರಾಚೋಲಿನಲ್ಲಿ ತೆರೆದುದನ್ನು 2002ರಲ್ಲಿ ಅಲ್ಲಿಗೆ ತಂದರು.

ಈ ಎರಡು ನಿದರ್ಶನಗಳ ನಡುವೆ ಇರುವ ಭೇದವು ಜನವಸತಿಯದು. ಜಂಬಿಟ್ಟಿಗೆಯನ್ನು ಬಲ್ಲ ಕರಾವಳಿಗರಿಗೆ ಇದು ಹೊಸ ಮಾತಲ್ಲ. ಅದು ನೆಲದೊಳಗಿರುವಾಗ ಮೆತ್ತಗೆ, ಗಾಳಿಗೆ ಬಂದಂತೆ ಗಟ್ಟಿ. ಆದರೆ ಮಳೆಯ ನೀರನ್ನು ಹೀರುವ ಗುಣವನ್ನು ಅದು ಎಂದೂ ಬಿಡದು. ಗೋವೆಯಲ್ಲಿ ಮಳೆಗಾಲವೆಂದರೆ ನಾಲ್ಕು ತಿಂಗಳು. ಸುಣ್ಣದ ಗಾರೆಯೇ ಅದರ ಕೊಡೆ. ಮನೆಯಲ್ಲಿ ಯಾರಾದರೂ ಇದ್ದರೆ ಹೆಂಚು ಸರಿದುದು ಕಾಣುವುದು, ಸುಣ್ಣ ಉದುರಿದುದು ಕಾಣುವುದು. ಸೈನಿಕರೇ ಇರಲಿ, ಸನ್ಯಾಸಿಗಳೇ ಇರಲಿ, ತಮ್ಮ ತಲೆಯ ಮೇಲೆ ನೀರು ಸೋರಿದರೆ ಸುಮ್ಮನಿರರು. ಬೋಂ ಜೀಸಸ್ ಬೆಸಿಲಿಕಾದ ಹೊರಗೋಡೆಯ ಗಾರೆಯನ್ನು 1950ರ ದಶಕದಲ್ಲಿ ಪೋರ್ತುಗೀಜ್ ಜೀರ್ಣೋದ್ಧಾರಕರೊಬ್ಬರು ಅಂದಕ್ಕೆಂದು ಕಿತ್ತುಹಾಕಿದರು. ಇಂದು ಎಲ್ಲರೂ ಮೆಚ್ಚುವ ಆ ಕೆಂಗಲ್ಲಿನ ಗೋಡೆಯು ಅಂದಿನಿಂದ ಮಳೆಗೆ ಬತ್ತಲೆಯಾಗಿ ಸವೆಯುತ್ತಿದೆ. ಗಾರೆಯನ್ನು ಮತ್ತೆ ಬಳಿಯಬೇಕೆಂದು ವಾಸ್ತುಶಿಲ್ಪಿಗಳು ಕೂಗಿ ಹೇಳುತ್ತಿದ್ದಾರೆ. ಬಿಳಿಯ ಗೋಡೆಯ ಮಠವನ್ನು ಬಿಟ್ಟು ಕೆಂಪು ಗೋಡೆಯ ಎದುರಿಗೆ ಭಾವಚಿತ್ರ ತೆಗೆಸಿಕೊಳ್ಳುವವರು ಇದನ್ನು ಬಲ್ಲರೆ?

ಫ್ರಾನ್ಸಿಸ್ಕನರ ಮಠಕ್ಕೆ ಹೊಸ ಬಾಳು ಬಂದುದು ಗೋವೆಯ ವಿಮೋಚನೆಯ ತರುವಾಯ. 1961ರ ಡಿಸೆಂಬರ್ 19ರಂದು ಪೋರ್ತುಗೀಜರ ನಾನೂರೈವತ್ತು ವರ್ಷಗಳ ಆಳ್ವಿಕೆ ಮುಗಿಯಿತು. ಭಾರತೀಯ ಪುರಾತತ್ತ್ವ ಇಲಾಖೆಯು 1964ರಲ್ಲಿ ಮಠದ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವನ್ನು ತೆರೆಯಿತು. 1986ರಲ್ಲಿ ಹಳೆಯ ಗೋವೆಯ ಇಗರ್ಜಿಗಳೂ ಮಠಗಳೂ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಮಠದೊಳಗೆ ಕಾಲಿಟ್ಟರೆ ಎದುರಾಗುವವನು ಅಲ್ಬುಕರ್ಕನು; ಆಳೆತ್ತರವನ್ನು ಮೀರಿದ ಕಂಚಿನ ಮೂರ್ತಿ. ಒಂದು ಕಾಲಕ್ಕೆ ಪಣಜಿಯ ಚೌಕದಲ್ಲಿ ನಿಂತು ಊರನ್ನೆಲ್ಲ ನೋಡುತ್ತಿದ್ದವನು ಈಗ ಚಾವಣಿಯ ಕೆಳಗೆ ನಿಂತಿದ್ದಾನೆ. ಪೋರ್ತುಗೀಜರ ಮಹಾಕವಿ ಕಮೋಯಿಂಶನ ಕಂಚಿನ ಮೂರ್ತಿಯೂ ಹೊರಗಿನ ಬಯಲಿನಿಂದ ಒಳಗೆ ಬಂದಿದೆ. 1553ರಲ್ಲಿ ಸಾಮಾನ್ಯ ಸೈನಿಕನಾಗಿ ಗೋವೆಗೆ ಬಂದ ಆ ಕವಿಯನ್ನು ದಂಡನಾಯಕನೊಂದಿಗೆ ಸೆರೆಗೆ ಹಾಕಿದಂತಾಗಿದೆಯೆಂದು ನಮಗೆ ತೋರುವುದು. ಕವಿಯ ಅಪರಾಧವೇನೋ ಅಷ್ಟು ಸ್ಪಷ್ಟವಿಲ್ಲ. ಮೇಲಂತಸ್ತಿನಲ್ಲಿ ಗೋವೆಯ ರಾಜಪ್ರತಿನಿಧಿಗಳ ಹಾಗೂ ಗವರ್ನರುಗಳ ಚಿತ್ರಗಳ ಸಾಲಿದೆ. 1547ರಲ್ಲಿ ಜೊವಾಂವ್ ದ ಕಾಸ್ತ್ರೊ ಎಂಬವನು ತನ್ನ ಹಿಂದಿನವರ ಚಿತ್ರಗಳನ್ನೆಲ್ಲ ಬರೆಯಿಸಿ ಈ ಸಂಪ್ರದಾಯವನ್ನು ಮೊದಲುಮಾಡಿದನು. ಚರಿತ್ರಕಾರನಾದ ಗಾಸ್ಪರ್ ಕೊರ್ರೆಯನು ಅದರ ಮೇಲ್ವಿಚಾರಣೆ ಮಾಡಿದನು. ಬಣ್ಣ ಹಚ್ಚಿದವನು ಈ ನೆಲದ ಒಬ್ಬ ಚಿತ್ರಗಾರ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಕಡಲ ಗಾಳಿಗೆ ಮಾಸಿದಾಗಲೆಲ್ಲ ಮೇಲೆ ಮೇಲೆ ಬಣ್ಣ ಬಳಿದುದರಿಂದ ಇಂದು ಆ ಮುಖಗಳಲ್ಲಿ ಮೂಲದ ಮುಖವೆಷ್ಟೆಂದು ಹೇಳುವುದು ಕಷ್ಟ.

ಕೆಳಗೆ, ಸನ್ಯಾಸಿಗಳು ನಡೆದಾಡುತ್ತಿದ್ದ ಮೊಗಸಾಲೆಗಳಲ್ಲಿ, ನಮ್ಮವರ ಕಲ್ಲುಗಳಿವೆ. ಶಂಖಚಕ್ರಗಳನ್ನು ಹಿಡಿದ ವಿಷ್ಣು, ವೀರಗಲ್ಲುಗಳು, ಮಾಸ್ತಿಗಲ್ಲುಗಳು. ವೀರಗಲ್ಲನ್ನು ಓದುವ ಕ್ರಮ ನಮ್ಮ ಹಳ್ಳಿಗರಿಗೆಲ್ಲ ಗೊತ್ತು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಕೊಂಡೊಯ್ಯುವುದು, ಮೇಲೆ ಶಿವನ ಸನ್ನಿಧಿ. ಬನವಾಸಿಯಲ್ಲಿಯೋ ಬಳ್ಳಿಗಾವೆಯಲ್ಲಿಯೋ ನೋಡಿದ ಅದೇ ಮಾತು. ಉಚ್ಚಾರಣೆ ಮಾತ್ರ ಬೇರೆ. ಬಯಲುಸೀಮೆಯ ವೀರನು ತುರುಗಳಿಗಾಗಿ ಸತ್ತರೆ ಗೋವೆಯ ವೀರನು ಹಡಗಿನ ಮೇಲೆ ಸತ್ತುದೂ ಉಂಟು. ನೌಕಾಕಾಳಗವನ್ನು ಕೊರೆದ ವೀರಗಲ್ಲುಗಳು ಈ ನೆಲದಲ್ಲಿ ದೊರೆತಿವೆ. ಘಟ್ಟದ ಮೇಲಿನ ಕನ್ನಡಿಗರು ಸಾಮಾನ್ಯವಾಗಿ ಕಾಣದ ನೋಟವಿದು. ಮಾಸ್ತಿಗಲ್ಲಿನ ಬಳೆತೊಟ್ಟ ತೋಳನ್ನು ತೋರಿಸಿದರೆ ನಮ್ಮ ವಿದ್ಯಾರ್ಥಿನಿಯರು ಒಂದು ಕ್ಷಣ ಮಾತು ನಿಲ್ಲಿಸುವರು. ಅವರಿಗೆ ಆ ಕಲ್ಲಿನ ಅರ್ಥವನ್ನು ಹೇಳುವಾಗ ಹೆಮ್ಮೆಯೊಂದನ್ನೇ ಹೇಳುವುದು ನಮಗೂ ಆಗದು.

ಆರಾಧನೆಯು ನಿಂತ ಮಂದಿರದಲ್ಲಿ ಬೇರೆಯವರ ದೇವರುಗಳನ್ನು ತಂದಿರಿಸಿದುದು ಸರಿಯೇ ಎಂದು ಕ್ರೈಸ್ತಮಿತ್ರರೊಬ್ಬರು ಒಮ್ಮೆ ನಮ್ಮನ್ನು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಇಸ್ತಾಂಬೂಲಿನ ಹಾಗಿಯಾ ಸೋಫಿಯಾ ಎಂಬ ಮಹಾಮಂದಿರವು 537ರಿಂದ ಇಗರ್ಜಿಯಾಗಿ, 1453ರಿಂದ ಮಸೀದಿಯಾಗಿ, 1935ರಿಂದ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾದುದನ್ನು ನಾವು ಪತ್ರಿಕೆಗಳಲ್ಲಿ ಓದಿದೆವಷ್ಟೆ; ಒಂದೊಂದು ಬದಲಾವಣೆಯಲ್ಲಿಯೂ ಯಾರಿಗೋ ನೋವಾಗಿದೆ. ಇಲ್ಲಿ ಮಾತ್ರ ಒಬ್ಬರನ್ನು ಹೊರಡಿಸಿ ಮತ್ತೊಬ್ಬರು ಬಂದುದಲ್ಲ. ಸನ್ಯಾಸಿಗಳನ್ನು ಹೊರಡಿಸಿದವರು ಅವರ ಧರ್ಮದವರೇ. ಕಲ್ಲುಗಳು ಬಂದುದು ನೂರಿಪ್ಪತ್ತು ವರ್ಷ ಕಳೆದ ಮೇಲೆ. ಇಗರ್ಜಿಯ ಪೀಠವನ್ನೂ ಚಿತ್ರಗಳನ್ನೂ ಇಲಾಖೆಯವರು ಅಲುಗಿಸಿಲ್ಲ. ನಿತ್ಯದ ಪೂಜೆ ಅಲ್ಲಿಲ್ಲವಾದರೂ ಶಿಲುಬೆಯು ತನ್ನ ಸ್ಥಳದಲ್ಲಿಯೇ ಇದೆ. ಗುಡಿಗಳು ಅಳಿದ ಕಲ್ಲುಗಳಿಗೂ ಪಂಥವು ಅಳಿದ ಮಠಕ್ಕೂ ಒಂದೇ ಸೂರು ದೊರೆತುದು ನಮ್ಮ ಮಟ್ಟಿಗೆ ಅವಮಾನವಾಗಿ ಕಾಣುವುದಿಲ್ಲ ಎಂದು ನಾವು ಉತ್ತರವಿತ್ತೆವು. ಅವರು ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆವು.

ಸಮಯವಿರುವವರು ವಸ್ತುಸಂಗ್ರಹಾಲಯದಿಂದ ಹೊರಬಿದ್ದು, ರಾಜಪ್ರತಿನಿಧಿಗಳ ಕಮಾನಿನ ಕೆಳಗೆ ಹಾದು, ಹೊಳೆಯ ಕಟ್ಟೆಗೆ ಹೋಗಿ ತೆಪ್ಪದಲ್ಲಿ ದೀವಾಡಿಗೆ ದಾಟಬೇಕು. ಗುಡ್ಡದ ಮೇಲೆ ಪಿಯದಾದೆಯ ಇಗರ್ಜಿಯಿದೆ. ಅದರ ಪಕ್ಕದ ಸ್ಮಶಾನದಲ್ಲಿರುವ ಒಂದು ಪುಟ್ಟ ಪ್ರಾರ್ಥನಾಲಯವು ಕದಂಬರ ಕಾಲದ ದೇಗುಲದ ಉಳಿದ ಭಾಗವೆಂದು ಹೇಳುತ್ತಾರೆ. ಸಪ್ತಕೋಟೀಶ್ವರನ ಲಿಂಗವನ್ನು ಭಕ್ತರು ಹೊಳೆಯಾಚೆಯ ನಾರ್ವೆಗೆ ಕೊಂಡೊಯ್ದರು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದರು. ಕದಂಬರ ನಾಣ್ಯಗಳ ಮೇಲೆ ಯಾವ ದೇವರ ವರಪ್ರಸಾದವನ್ನು ಹೊಗಳಿದೆಯೋ ಆ ದೇವರಿಗೆ ಅಲ್ಲಿ ಇಂದಿಗೂ ದೀಪ ಬೆಳಗುತ್ತಿದೆ.

ನಮ್ಮ ಸಂಘದ ಸದಸ್ಯರಲ್ಲಿ ನಮ್ಮದೊಂದು ಬಿನ್ನಹವುಂಟು. ನೆಂಟರು ಬಂದಾಗ ಕಡಲದಂಡೆಯನ್ನು ತೋರಿಸುವಂತೆ ಈ ಮಠವನ್ನೂ ತೋರಿಸಿರಿ. ಮಕ್ಕಳನ್ನು ಜತೆಯಲ್ಲಿ ಕರೆದೊಯ್ಯಿರಿ. ವೀರಗಲ್ಲಿನ ಮುಂದೆ ನಿಂತು ಅದನ್ನು ಕೆಳಗಿನಿಂದ ಮೇಲಕ್ಕೆ ಓದುವುದನ್ನು ಅವರಿಗೆ ಕನ್ನಡದಲ್ಲಿ ಹೇಳಿಕೊಡಿರಿ. ಅನಂತರ ಇಗರ್ಜಿಯೊಳಗೂ ಹೋಗಿ ತುಸು ಹೊತ್ತು ನಿಲ್ಲಿರಿ. ಅಲ್ಲಿಯ ನೆಲಕ್ಕೆ ಹಾಸಿರುವುದೆಲ್ಲ ಗೋರಿಕಲ್ಲುಗಳು. ಅವುಗಳ ಮೇಲೆ ಪೋರ್ತುಗೀಜ್ ಮನೆತನಗಳ ಲಾಂಛನಗಳೂ ಹೆಸರುಗಳೂ ಕೊರೆದಿವೆ; ಬಂದುಹೋಗುವವರ ಕಾಲಿಗೆ ಸವೆದು ಎಷ್ಟೋ ಅಕ್ಷರಗಳು ಅಳಿಸಿಹೋಗಿವೆ.